ಪರದೆ ಅಲುಗಿಲ್ಲ, ಮತ್ತೇಕೆ ಬರೆಯಬೇಕು?

ಯಕ್ಷಗಾನದ ರಂಗಸ್ಥಳವನ್ನು ಒಂದು ನಿಮಿಷ ಚಿತ್ರೀಕರಿಸಿದಿರಿ ಎನ್ನಿ. ಫುಲ್ ಎಚ್‌ಡಿಯ ಒಂದು ಫ್ರೇಮಿನಲ್ಲಿ ಅಡ್ಡಕ್ಕೆ 1920, ಮೇಲಿಂದ ಕೆಳಕ್ಕೆ 1080 ಚುಕ್ಕೆಗಳು. ಒಟ್ಟು 20 ಲಕ್ಷಕ್ಕೂ ಹೆಚ್ಚು. ಪ್ರತಿ ಚುಕ್ಕೆಯ ಬಣ್ಣಕ್ಕೆ 3 ಬೈಟ್, ಸೆಕೆಂಡಿಗೆ 30 ಫ್ರೇಮ್. ಹಾಗೆಹಾಗೇ ಬರೆದಿಟ್ಟರೆ ಸೆಕೆಂಡಿಗೆ ಸುಮಾರು 187 ಎಂಬಿ, ನಿಮಿಷಕ್ಕೆ 11 ಜಿಬಿ. ಭಾಗವತರು ಒಂದು ಪದ್ಯ ಮುಗಿಸುವಷ್ಟರಲ್ಲಿ ಎಷ್ಟೋ ಫೋನು ತುಂಬಿಹೋದೀತು! ಅದೇ ನಿಮಿಷವನ್ನು ಸೆಕೆಂಡಿಗೆ 5 ಮೆಗಾಬಿಟ್‌ನಂತೆ ವೆಬ್‌ಗೆ ಹಾಕಿದರೆ 40 ಎಂಬಿಯೂ ಆಗುವುದಿಲ್ಲ. ಉಳಿದದ್ದು ಎಲ್ಲಿ ಹೋಯಿತು?

ಮೊದಲ ಉಳಿತಾಯ ಬಣ್ಣದಲ್ಲಿ. ನಮ್ಮ ಕಣ್ಣು ಬೆಳಕು-ನೆರಳಿನ ವಿಷಯದಲ್ಲಿ ಚುರುಕು, ಬಣ್ಣದ ವಿಷಯದಲ್ಲಿ ಅಷ್ಟಿಲ್ಲ. ಹಾಗಾಗಿ ಬೆಳಕಿನ ಲೆಕ್ಕವನ್ನು ಪ್ರತಿ ಚುಕ್ಕೆಗೂ ಇಟ್ಟು, ಬಣ್ಣದ ಲೆಕ್ಕವನ್ನು ನಾಲ್ಕು ಚುಕ್ಕೆಗೆ ಒಂದರಂತೆ ಇಡುತ್ತಾರೆ. ಇಷ್ಟಕ್ಕೇ ಕಡತ ಅರ್ಧವಾಯಿತು.

ಎರಡನೆಯದು ಕಾಲದಲ್ಲಿ. ವೇಷಧಾರಿ ಗಿರಗಿರನೆ ತಿರುಗುತ್ತಾನೆ. ಹಿಂದಿನ ಪರದೆ ಇದ್ದಲ್ಲೇ ಇದೆ. ಒಂದು ಫ್ರೇಮನ್ನು ಪೂರ್ತಿ ಬರೆದುಕೊಂಡ ಮೇಲೆ ಮುಂದಿನವುಗಳಲ್ಲಿ ಬದಲಾದದ್ದನ್ನಷ್ಟೇ ಬರೆದರೆ ಸಾಕು. 2003ರಲ್ಲಿ ಬಂದ ಎಚ್.264 ಪದ್ಧತಿ ಫ್ರೇಮನ್ನು 16×16 ಚುಕ್ಕೆಗಳ ಚೌಕಗಳಾಗಿ ಹರಿದು, ‘ಈ ಚೌಕ ಹೋದ ಸಲ ಇಲ್ಲಿತ್ತು, ಈಗ ತುಸು ಬಲಕ್ಕೆ ಸರಿದಿದೆ’ ಎಂದು ಟಿಪ್ಪಣಿ ಮಾಡಿಕೊಳ್ಳುತ್ತದೆ. ಪರದೆಯ ಚೌಕಗಳಿಗೆ ‘ಮೊದಲಿನಂತೆಯೇ’ ಎಂದರೆ ಮುಗಿಯಿತು.

ಮೂರನೆಯದರ ಹಿಂದೆ ಬೆಂಗಳೂರಲ್ಲಿ ಹುಟ್ಟಿದ ಒಬ್ಬರಿದ್ದಾರೆ. ನಾಸಿರ್ ಅಹ್ಮದ್ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದವರು. 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಮುಂದೆ ಒಂದು ಗಣಿತದ ಯೋಚನೆ ಇಟ್ಟರು, ದುಡ್ಡು ಸಿಗಲಿಲ್ಲ. ಬಿಡದೆ ದುಡಿದು, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ 1974ರಲ್ಲಿ ಪ್ರಕಟಿಸಿದರು. ಅದೇ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಒಂದು ಚೌಕದಲ್ಲಿ ಸಪಾಟು ಎಷ್ಟು, ದಪ್ಪ ಪಟ್ಟೆ ಎಷ್ಟು, ನವಿರು ಪಟ್ಟೆ ಎಷ್ಟು ಎಂದು ಅದು ಬಿಡಿಸಿ ಹೇಳುತ್ತದೆ. ನವಿರಿನ ಪಾಲು ಸಾಮಾನ್ಯವಾಗಿ ಚಿಲ್ಲರೆ. ಅಂಗಡಿಯವರು ಪೈಸೆ ಬಿಟ್ಟು ರೂಪಾಯಿಗೆ ಸರಿಮಾಡಿದಂತೆ ಅದನ್ನು ಕೈಬಿಟ್ಟರೂ ಕಣ್ಣು ತಕರಾರು ಮಾಡುವುದಿಲ್ಲ. ಎಚ್.264ರಲ್ಲಿ ಇದೇ ಲೆಕ್ಕದ ಪೂರ್ಣಾಂಕ ರೂಪವಿದೆ.

ಆಗುಂಬೆಯ ಮಳೆಯನ್ನು ಚಿತ್ರೀಕರಿಸಿ ನೋಡಿ, ಈ ಜಾಣತನದ ಮಿತಿ ತಿಳಿಯುತ್ತದೆ. ಪ್ರತಿ ಫ್ರೇಮಿನಲ್ಲೂ ಹನಿಗಳು ಹೊಸವು. ‘ಮೊದಲಿನಂತೆಯೇ’ ಎನ್ನಲು ಏನೂ ಇಲ್ಲ, ಬಿಡಲು ಚಿಲ್ಲರೆಯೂ ಇಲ್ಲ. ಬಿಟ್‌ಗಳು ಸಾಲದೆ ಕಾಡು ಹಸಿರು ಚೌಕಗಳಾಗಿ ಒಡೆಯುತ್ತದೆ.

ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದಲ್ಲಿ ಎಷ್ಟು ಬಿಡಬೇಕೆಂದು ನೀವೇ ಹೇಳಬಹುದು. ಎಚ್.264 ಕಡತ ಮಾಡಲು ಅದು ಬಳಸುವ ಎಕ್ಸ್264 ಎಂಬ ಎನ್‌ಕೋಡರಿನಲ್ಲಿ ಸಿಆರ್‌ಎಫ್ ಎಂಬ ಅಂಕೆ 0ಯಿಂದ 51ರವರೆಗೆ ಹೋಗುತ್ತದೆ. ಸುಮ್ಮನೆ ಬಿಟ್ಟರೆ 23. ಅಂಕೆ ಏರಿದಷ್ಟೂ ಕಡತ ಸಣ್ಣ, ಚಿತ್ರ ಮಸುಕು. ಜೊತೆಗೆ ‘ಫಾಸ್ಟ್‌ಸ್ಟಾರ್ಟ್’ ಆಯ್ಕೆ ಕೊಟ್ಟರೆ ಕಡತದ ಕೊನೆಯಲ್ಲಿರುವ ಸೂಚಿ ಮುಂದಕ್ಕೆ ಬಂದು, ಪೂರ್ತಿ ಇಳಿಯುವ ಮೊದಲೇ ವಿಡಿಯೋ ಶುರುವಾಗುತ್ತದೆ.

ಮೂಲ ಕಡತವನ್ನು ಮಾತ್ರ ಅಳಿಸಬೇಡಿ. ಕುಗ್ಗಿಸಿದ್ದನ್ನೇ ಮತ್ತೆ ಕುಗ್ಗಿಸಿದರೆ, ಸರಿಮಾಡಿದ ಲೆಕ್ಕವನ್ನೇ ಮತ್ತೆ ಸರಿಮಾಡಿದಂತೆ. ಪೈಸೆ ಹೋಗಿ ಆಯಿತು. ಈ ಸಲ ಹೋಗುವುದು ರೂಪಾಯಿ.