ಲಕ್ಕಮ್ಮ ಮರಳಿ ಕಳುಹಿದ ಅಕ್ಕಿ

ಸಂಡೂರು ಸೀಮೆಯ ಭಕ್ತರೊಬ್ಬರು ಬಹಳ ವರ್ಷಗಳ ಹಿಂದೆ ಶ್ರೀಮಠಕ್ಕೆ ಬಂದು, ಗದ್ದುಗೆಯ ಬಾಗಿಲಿಗೆ ಬೆಳ್ಳಿಯ ಹೊದಿಕೆ ಮಾಡಿಸುವುದಾಗಿ ಬಿನ್ನವಿಸಿಕೊಂಡರು. ಐದೆಕರೆ ಒಣಭೂಮಿಯ ಒಕ್ಕಲಿಗರು ಅವರು. ಅದುವರೆಗೆ ಜಾತ್ರೆಗೆ ಒಂದು ಚೀಲ ಜೋಳ ತರುತ್ತಿದ್ದರು. ನಾವು ಸಂತೋಷದಿಂದ ಒಪ್ಪಿ ಆಶೀರ್ವದಿಸಿದೆವು. ಹಣ ಎಲ್ಲಿಯದೆಂದು ಕೇಳಲಿಲ್ಲ. ಅವರ ಪಂಚೆಯ ಅಂಚಿಗೆ ಹತ್ತಿದ ಕೆಂಧೂಳೇ ಅದನ್ನು ಹೇಳುತ್ತಿತ್ತು.

ಚೀನಾ ದೇಶದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಗಗನಕ್ಕೇರಿದ ಕಾಲವದು. ಬಳ್ಳಾರಿ ಜಿಲ್ಲೆಯಲ್ಲಿ ಬೆಟ್ಟಗಳಷ್ಟೇ ಅಲ್ಲ, ಬೆಟ್ಟದ ಬುಡದ ಪಟ್ಟಾ ಹೊಲಗಳನ್ನೂ ಅಗೆದರು. ಹೊಲ ಕೊಟ್ಟ ರೈತನಿಗೆ ಒಂದು ಗಂಟು ಹಣ ಸಿಕ್ಕಿತು. ಅದಿರನ್ನು ಹಡಗಿಗೆ ತುಂಬಿಸಿದವರಿಗೆ ಎಣಿಸಲಾಗದಷ್ಟು. ಅದನ್ನು ಒಡೆದು ಆಯ್ದ ಹೆಂಗಸರಿಗೆ ದಿನದ ಕೂಲಿ, ಜೊತೆಗೆ ಕೆಮ್ಮು. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂದಾಗ ಬೊಕ್ಕಸಕ್ಕಾದ ನಷ್ಟ 16 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿತ್ತು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಿತು.

ಅಕ್ರಮದ ಮಾತು ಎಲ್ಲರೂ ಆಡಿದರು. ನಮ್ಮನ್ನು ಕಾಡುವುದು ಬೇರೆಯೇ. ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ನಾವೇ ನೂರಾರು ಸಲ ಪ್ರವಚನದಲ್ಲಿ ಹೇಳಿದ್ದೇವೆ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಪತ್ನಿ ಲಕ್ಕಮ್ಮ ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರಲು ಕಳುಹಿದರು. ಮಾರಯ್ಯನವರು ಕದ್ದಿರಲಿಲ್ಲ. ಅದು ನೆಲಕ್ಕೆ ಬಿದ್ದ ಅಕ್ಕಿ, ಕೇಳುವವರೂ ಇರಲಿಲ್ಲ. ಆದರೂ ಆ ತಾಯಿ ನೋಡಿದ್ದು ಎಷ್ಟು ಬೇಕೆಂಬುದನ್ನು. ಹೊಲದ ಅದಿರೂ ಆ ಭಕ್ತರದೇ ಹೊಲದ್ದು, ಬೆಳ್ಳಿಯೂ ಅವರ ದುಡ್ಡಿನದೇ. ಅಷ್ಟಕ್ಕೇ ನಾವು ತೃಪ್ತರಾದೆವು.

ನ್ಯಾಯಾಲಯವಾದರೂ ಆ ಅಳತೆಯ ಮಾತನ್ನು ಎತ್ತಿತು. ಗಣಿಗಳು ಮತ್ತೆ ತೆರೆಯುವಾಗ ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್ನಿನ ಮಿತಿ ಹಾಕಿತು. ಮುಂದೆ ಅದು 2.8 ಕೋಟಿಯಾಗಿ, 2022ರಲ್ಲಿ 3.5 ಕೋಟಿಯಾಯಿತು. ಕಾರ್ಖಾನೆಗಳಿಗೆ ಅದಿರು ಬೇಕು, ನಿಜ. ನಾವು ಓಡಾಡುವ ಕಾರೂ ಕಬ್ಬಿಣದ್ದೇ. ಆದರೆ ಅಳತೆಯ ಕೊಳಗ ಹೀಗೆ ಬೆಳೆಯುತ್ತ ಹೋದರೆ, ಮೊಮ್ಮಕ್ಕಳ ಪಾಲಿನ ಬೆಟ್ಟವೆಷ್ಟೆಂದು ಯಾರು ಹೇಳಬೇಕು?

ಕೆಲವು ವರ್ಷಗಳ ಹಿಂದೆ ಆ ಭಕ್ತರು ದಾಸೋಹದ ಪಂಕ್ತಿಯಲ್ಲಿ ಕುಳಿತಿರುವುದನ್ನು ಕಂಡೆವು. ಹಣ ಮಗಳ ಮದುವೆ, ಲಾರಿ, ಲಾರಿಯ ಸಾಲದಲ್ಲಿ ಕರಗಿತ್ತು. ಹೊಲದಲ್ಲಿ ಆಳುದ್ದದ ಗುಂಡಿಗಳು, ಬಂಡೆಗಲ್ಲು, ಜಾಲಿ. 'ಅಜ್ಜಾರ, ಆ ಮಣ್ಣು ಮತ್ತ ಬರ್ತದೇನ್ರಿ?' ಎಂದರು. ಬೆಳ್ಳಿಯ ಬಾಗಿಲು ಅವರ ಬೆನ್ನ ಹಿಂದೆ ಹೊಳೆಯುತ್ತಿತ್ತು. ಒಂದು ಅಂಗುಲ ಮೇಲ್ಮಣ್ಣು ಕೂಡಲು ನೂರಾರು ವರ್ಷ ಬೇಕೆಂದು ಓದಿದ್ದ ನಮಗೆ, ಅದನ್ನು ಅವರಿಗೆ ಹೇಳಲು ಬಾಯಿ ಬರಲಿಲ್ಲ.

ಬಾಗಿಲಿನ ಬೆಳ್ಳಿಯನ್ನು ಬಿಚ್ಚಿಸಿ, ಅದರ ಬೆಲೆಯಲ್ಲಿ ಎರಡು ಎಕರೆಗೆ ಕೆರೆಯ ಹೂಳು ಹೊಡೆಸಿದೆವು. ಶ್ರೀಮಠದ ಗೋಶಾಲೆಯ ಗೊಬ್ಬರ ಕಳುಹಿಸಿದೆವು. ಮಠದ ಹಿರಿಯರು ಕೆಲವರು ಮುನಿಸಿಕೊಂಡರು, ಈಗಲೂ ಮುನಿಸಿದೆ. ಮೊದಲ ವರ್ಷ ಏನೂ ಏಳಲಿಲ್ಲ. ಎರಡನೆಯ ವರ್ಷ ಹುರುಳಿ ಬಂತು. ಜಾತ್ರೆಗೆ ಅವರು ಎರಡು ಸೇರು ತಂದಿದ್ದರು. ನಾವು ಒಂದು ಸೇರು ದಾಸೋಹಕ್ಕೆ ಇರಿಸಿಕೊಂಡು, ಇನ್ನೊಂದನ್ನು ಬೀಜಕ್ಕೆಂದು ಅವರ ಉಡಿಗೇ ಹಾಕಿ ಕಳುಹಿಸಿದೆವು.