ಸಾಲಕ್ಕೂ ಸ್ಯಾಂಕ್ಷನ್, ಶಿಕ್ಷೆಗೂ ಸ್ಯಾಂಕ್ಷನ್

ಮನೆ ಕಟ್ಟಲು ಹೊರಟವರ ಬಾಯಲ್ಲಿ ‘ಸ್ಯಾಂಕ್ಷನ್’ ಅಚ್ಚಗನ್ನಡವೇ ಆಗಿಬಿಟ್ಟಿದೆ. ‘ಲೋನ್ ಸ್ಯಾಂಕ್ಷನ್ ಆಯ್ತಾ?’, ‘ಪ್ಲಾನ್ ಇನ್ನೂ ಸ್ಯಾಂಕ್ಷನ್ ಆಗಿಲ್ಲ’. ಕರೆಂಟ್ ಬಿಲ್ಲಿನಲ್ಲೂ ‘ಸ್ಯಾಂಕ್ಷನ್ಡ್ ಲೋಡ್’ ಇರುತ್ತದೆ. ಸರ್ಕಾರಿ ಕಡತಗಳು ಇದನ್ನು ‘ಮಂಜೂರು’ ಎನ್ನುತ್ತವೆ. ಅದೂ ಹೊರಗಿಂದ ಬಂದದ್ದೇ: ಅರಬ್ಬಿ ಮೂಲದ್ದು, ನಮ್ಮ ‘ನಜರು’ ಪದದ ದಾಯಾದಿ. ದೊಡ್ಡವರ ಕಣ್ಣಿಗೆ ಬಿದ್ದು ಒಪ್ಪಿಗೆ ಪಡೆದದ್ದು ಮಂಜೂರು. ಕಚೇರಿಗಳಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದೊಂದೇ ಅರ್ಥವನ್ನು ನೆಚ್ಚಿಕೊಂಡು ಇಂಗ್ಲಿಷ್ ಪತ್ರಿಕೆ ಬಿಡಿಸಿದ ವಿದ್ಯಾರ್ಥಿ, ಇರಾನ್ ಮೇಲೆ ಅಮೆರಿಕ ‘ಸ್ಯಾಂಕ್ಷನ್ಸ್’ ಹೇರಿತು ಎಂಬಲ್ಲಿ ಮುಗ್ಗರಿಸುತ್ತಾನೆ. ಒಪ್ಪಿಗೆಯನ್ನು ಯಾರಾದರೂ ಹೇರುತ್ತಾರೆಯೇ? ಅಲ್ಲಿ ಅದು ದಿಗ್ಬಂಧನ, ದಂಡನೆ.

ಈ ಎರಡು ಅರ್ಥಗಳ ತವರು ಒಂದೇ, ರೋಮ್. ಲ್ಯಾಟಿನ್ನಿನ ಮೂಲ ಧಾತುವಿಗೆ ‘ಪವಿತ್ರವೆಂದು ವಿಧಿಸು’ ಎಂಬ ಅರ್ಥ. ‘ಸೇಂಟ್’ ಕೂಡ ಅದೇ ಮನೆತನದ್ದು. ರೋಮನ್ ಶಾಸನದಲ್ಲಿ, ನಿಯಮ ಮುರಿದವರಿಗೆ ಏನಾಗುತ್ತದೆ ಎಂದು ಸಾರುವ ಭಾಗದ ಹೆಸರು ‘ಸಾಂಕ್ಷಿಯೊ’. ಅಂದರೆ ಕಾನೂನಿಗೆ ಮುದ್ರೆ ಒತ್ತುವುದೂ ಅದಕ್ಕೆ ಹಲ್ಲು ಕೊಡುವುದೂ ಒಂದೇ ಕೆಲಸವಾಗಿತ್ತು. ಮುದ್ರೆ ಒಂದು ದಾರಿ ಹಿಡಿಯಿತು, ಹಲ್ಲು ಇನ್ನೊಂದು. 1789ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇಂಗ್ಲಿಷ್ ತತ್ತ್ವಜ್ಞಾನಿ ಜೆರೆಮಿ ಬೆಂಥಮ್, ಮನುಷ್ಯರನ್ನು ನಿಯಮಕ್ಕೆ ಕಟ್ಟಿಹಾಕುವ ಸುಖದುಃಖಗಳ ಮೂಲಗಳನ್ನೇ ‘ಸ್ಯಾಂಕ್ಷನ್’ ಎಂದು ಕರೆದ. ಇಥಿಯೋಪಿಯಾದ ಮೇಲೆ ದಂಡೆತ್ತಿಹೋದ ಇಟಲಿಗೆ ರಾಷ್ಟ್ರಸಂಘ 1935ರಲ್ಲಿ ‘ಸ್ಯಾಂಕ್ಷನ್ಸ್’ ವಿಧಿಸಿದಾಗ ದಂಡನೆಯ ಅರ್ಥ ಜಗತ್ತಿನ ಸುದ್ದಿಯಾಯಿತು. ತೈಲವನ್ನು ಮಾತ್ರ ಆ ಪಟ್ಟಿಗೆ ಸೇರಿಸಲಿಲ್ಲ. ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಪಡೆ ಮರುವರ್ಷ ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾ ಹೊಕ್ಕಿತು.

ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು ಪದದ ಎದುರು ‘ಅನುಮತಿ, ದಂಡನೆ’ ಎಂದು ಬರೆದು ಕೈತೊಳೆದುಕೊಳ್ಳುತ್ತವೆ. ಉರು ಹೊಡೆದವನಿಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ನೋಡಬೇಕಾದದ್ದು ಪದದ ಸಂಗಡಿಗರನ್ನು. ಕೊಡುವುದು, ಪಡೆಯುವುದು, ನಿರಾಕರಿಸುವುದು ಜೊತೆಗಿದ್ದರೆ ಒಪ್ಪಿಗೆ. ಹೇರುವುದು, ಸಡಿಲಿಸುವುದು, ತೆರವುಗೊಳಿಸುವುದು ಇದ್ದರೆ ದಂಡನೆ. ಆಗ ಪದ ಹೆಚ್ಚಾಗಿ ಬಹುವಚನದಲ್ಲಿರುತ್ತದೆ. ಸರ್ಕಾರಿ ನೌಕರನ ಮೇಲೆ ಮೊಕದ್ದಮೆ ಹೂಡಲು ಬೇಕಾದ ‘ಸ್ಯಾಂಕ್ಷನ್’ ಶಿಕ್ಷೆಯ ವಾಸನೆ ಬಡಿದರೂ ಬರೀ ಅನುಮತಿಯೇ.

ಕಾಟ ಕೊಡುವುದು ಕ್ರಿಯಾಪದವಾಗಿ ಬರುವ ‘ಸ್ಯಾಂಕ್ಷನ್’. ‘ಸ್ಟೇಟ್ ಸ್ಯಾಂಕ್ಷನ್ಡ್’ ಎಂದರೆ ಸರ್ಕಾರದ ಒಪ್ಪಿಗೆ ಇರುವುದು. ‘ಸ್ಯಾಂಕ್ಷನ್ಡ್ ಕಂಪನಿ’ ಎಂದರೆ ನಿರ್ಬಂಧಕ್ಕೆ ಗುರಿಯಾದದ್ದು. ಹಿಂದುಮುಂದಿನ ಸಾಲು ಓದದೆ ಇಲ್ಲಿ ಗತಿಯಿಲ್ಲ.

1998ರ ಮೇ ತಿಂಗಳಲ್ಲಿ ಭಾರತ ಪೋಖ್ರಾನ್‌ನಲ್ಲಿ ಅಣು ಪರೀಕ್ಷೆ ನಡೆಸಿತು. ಅಮೆರಿಕ ಆರ್ಥಿಕ ನಿರ್ಬಂಧ ಹೇರಿತು. ವಿಶ್ವಬ್ಯಾಂಕಿನಲ್ಲಿ ಭಾರತಕ್ಕೆ ಸಿಗಬೇಕಿದ್ದ ಕೆಲವು ಸಾಲಗಳ ತೀರ್ಮಾನ ಮುಂದಕ್ಕೆ ಹೋಯಿತು. ನಮ್ಮ ಬ್ಯಾಂಕ್ ಕೌಂಟರಿನ ಕನ್ನಡದಲ್ಲಿ ಹೇಳುವುದಾದರೆ, ಸ್ಯಾಂಕ್ಷನ್ಸ್ ಬಂದದ್ದರಿಂದ ಲೋನ್ ಸ್ಯಾಂಕ್ಷನ್ ಆಗಲಿಲ್ಲ.