ಆಟದ ಸಂಜೀವಿನಿ

ಸಾವನ್ನು ಗೆಲ್ಲುವ ರಸವೊಂದು ಎಲ್ಲಿಯಾದರೂ ದೊರೆತೀತೆಂಬ ಆಸೆ ಮನುಷ್ಯನಿಗೆ ಬಹು ಹಿಂದಿನದು. ದೇವತೆಗಳೂ ದಾನವರೂ ಕೂಡಿ ಕಡಲನ್ನು ಕಡೆದು ಅಮೃತವನ್ನು ಪಡೆದ ಕಥೆಯನ್ನು, ಹನುಮಂತನು ಸಂಜೀವಿನಿಗಾಗಿ ಬೆಟ್ಟವನ್ನೇ ಹೊತ್ತು ತಂದ ಕಥೆಯನ್ನು ಕೇಳದ ಮಕ್ಕಳು ಕನ್ನಡ ನಾಡಿನಲ್ಲಿ ವಿರಳ. ಅಮೃತವನ್ನು ಎಷ್ಟು ಗುಟುಕು ಕುಡಿಯಬೇಕು, ಅದರ ಗುಣ ಎಷ್ಟು ಹೊತ್ತು ನಿಲ್ಲುತ್ತದೆ, ಅದರೊಡನೆ ಬೇರೊಂದು ರಸವನ್ನು ಬೆರೆಸಿದರೆ ಏನಾಗುತ್ತದೆ ಎಂದು ಕಥೆ ಕೇಳುವವರು ಯಾರೂ ಕೇಳುವುದಿಲ್ಲ. ಆದರೆ ಅದೇ ರಸವು ಆಟದೊಳಗೆ ಬಂದೊಡನೆ ಈ ಪ್ರಶ್ನೆಗಳೆಲ್ಲವೂ ಎದ್ದು ನಿಲ್ಲುತ್ತವೆ. ಉತ್ತರಗಳು ನಿಯಮಗಳ ರೂಪವನ್ನು ತಾಳುತ್ತವೆ.

ಇಂತಹ ಆಟಗಳಲ್ಲಿ ಪ್ರಸಿದ್ಧವಾದುದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ ಎಂಬುವರು ಇದನ್ನು 1974ರಲ್ಲಿ ಮೂರು ಚಿಕ್ಕ ಪುಸ್ತಿಕೆಗಳಾಗಿ ಪ್ರಕಟಿಸಿದರು. ಇದರ ಬೇರು ಯುದ್ಧದ ಆಟಗಳಲ್ಲಿದೆ. 1824ರ ಸುಮಾರಿಗೆ ಪ್ರಶ್ಯ ದೇಶದ ಸೇನಾಧಿಕಾರಿಗಳು ನಕ್ಷೆಯ ಮೇಲೆ ದಾಳಗಳನ್ನು ಉರುಳಿಸಿ, ಒಬ್ಬ ತೀರ್ಪುಗಾರನನ್ನು ಮುಂದಿರಿಸಿಕೊಂಡು ಯುದ್ಧವನ್ನು ಅಭ್ಯಾಸ ಮಾಡುತ್ತಿದ್ದರು. ಹೊಸ ಆಟದಲ್ಲಿ ಸೇನೆಯ ಸ್ಥಾನಕ್ಕೆ ಒಬ್ಬೊಬ್ಬ ವೀರನು ಬಂದನು, ತೀರ್ಪುಗಾರನು ಸೂತ್ರಧಾರನಾದನು. ಸೂತ್ರಧಾರನು ಸನ್ನಿವೇಶವನ್ನು ವರ್ಣಿಸುತ್ತಾನೆ. ಉಳಿದವರು ತಮ್ಮ ತಮ್ಮ ಪಾತ್ರವು ಏನು ಮಾಡುತ್ತದೆಂದು ಹೇಳುತ್ತಾರೆ. ಫಲವು ಸಂದೇಹಾಸ್ಪದವಾದಲ್ಲಿ ದಾಳವು ಅದನ್ನು ತೀರ್ಮಾನಿಸುತ್ತದೆ.

ನಮ್ಮ ನಾಡಿನ ಚೌಕಾಬಾರಕ್ಕೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವುಂಟು. ಚೌಕಾಬಾರದಲ್ಲಿ ನಡೆಯೆಲ್ಲವೂ ನೆಲದ ಮೇಲೆ ಬರೆದ ಮನೆಗಳಲ್ಲಿಯೇ ಅಡಗಿದೆ. ನಾಲ್ಕು ಕವಡೆಗಳೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಬಾರ. ಕಾಯಿ ಕಟ್ಟೆಯಲ್ಲಿದ್ದರೆ ಅದನ್ನು ಹೊಡೆಯುವಂತಿಲ್ಲ. ಎಲ್ಲವೂ ಕಣ್ಣೆದುರಿಗಿದೆ. ಪಾತ್ರಗಳ ಆಟದಲ್ಲಿ ನಡೆಯುವುದೆಲ್ಲವೂ ಮಾತಿನಲ್ಲಿ. ‘ನಾನು ಮಾಯಾರಸವನ್ನು ಕುಡಿದೆ, ನನಗೆ ಇನ್ನು ಸಾವಿಲ್ಲ’ ಎಂದು ಒಬ್ಬನು ಹೇಳಿಬಿಟ್ಟರೆ ಆಟವು ಅಲ್ಲಿಗೇ ಮುಗಿಯುತ್ತದೆ. ಆದುದರಿಂದಲೇ ರಸಕ್ಕೆ ಅಳತೆ ಬೇಕಾಯಿತು.

ಆ ಅಳತೆಯ ಮೊದಲ ಮೆಟ್ಟಿಲು ಪ್ರಾಣಾಂಕ. ಪ್ರತಿಯೊಂದು ಪಾತ್ರಕ್ಕೂ ಇಷ್ಟು ಪೆಟ್ಟನ್ನು ತಾಳಬಲ್ಲದೆಂಬ ಒಂದು ಸಂಖ್ಯೆ ಇರುತ್ತದೆ. ಪೆಟ್ಟು ಬಿದ್ದಂತೆಲ್ಲ ಅದು ಕಡಿಮೆಯಾಗುತ್ತದೆ. 2014ರ ನಿಯಮಗಳಂತೆ ಅದು ಸೊನ್ನೆಗೆ ಇಳಿದರೆ ಪಾತ್ರವು ಮೂರ್ಛೆಹೋಗುತ್ತದೆ. ಆಮೇಲೆ ಅದರ ಸರದಿ ಬಂದಾಗಲೆಲ್ಲ ಇಪ್ಪತ್ತು ಮುಖದ ದಾಳವನ್ನು ಉರುಳಿಸಬೇಕು. ಹತ್ತು ಅಥವಾ ಹೆಚ್ಚು ಬಂದರೆ ಅದೊಂದು ಗೆಲುವು. ಕಡಿಮೆ ಬಂದರೆ ಒಂದು ಸೋಲು. ಮೂರು ಗೆಲುವು ಮೊದಲು ಕೂಡಿದರೆ ಜೀವ ನಿಲ್ಲುತ್ತದೆ. ಮೂರು ಸೋಲು ಮೊದಲು ಕೂಡಿದರೆ ಪ್ರಾಣ ಹೋಗುತ್ತದೆ.

ಗಾಯವನ್ನು ಮಾಯಿಸುವ ರಸವು ಇಲ್ಲಿ ನೆರವಿಗೆ ಬರುತ್ತದೆ. ಅಲುಗಿಸಿದರೆ ಮಿನುಗುವ ಕೆಂಪು ದ್ರವವೆಂದು ನಿಯಮಗ್ರಂಥವು ಅದನ್ನು ವರ್ಣಿಸುತ್ತದೆ. ಒಂದು ಸೀಸೆಯ ಬೆಲೆ 50 ಚಿನ್ನದ ನಾಣ್ಯ. ಅದನ್ನು ಕುಡಿದಾಗ ನಾಲ್ಕು ಮುಖದ ಎರಡು ದಾಳಗಳನ್ನು ಉರುಳಿಸಿ, ಬಂದ ಮೊತ್ತಕ್ಕೆ ಎರಡನ್ನು ಕೂಡಿಸಬೇಕು. ಅಷ್ಟು ಪ್ರಾಣಾಂಕ ಮರಳಿ ಬರುತ್ತದೆ. ಕನಿಷ್ಠ ಫಲ 4, ಗರಿಷ್ಠ ಫಲ 10. ಎರಡು ದಾಳಗಳು ಬೀಳುವ ಬಗೆಗಳು ಒಟ್ಟು 16. ಅವುಗಳಲ್ಲಿ ಫಲವು 7 ಆಗುವ ಬಗೆಗಳು ನಾಲ್ಕು. 4 ಆಗುವುದು ಒಂದೇ ಬಗೆಯಿಂದ, 10 ಆಗುವುದೂ ಒಂದೇ ಬಗೆಯಿಂದ. ಹೀಗೆ ಅದೃಷ್ಟಕ್ಕೆ ಸ್ಥಳವಿದ್ದರೂ ಅದಕ್ಕೊಂದು ಕಡಿವಾಣವಿದೆ. ಕೊನೆಯಲ್ಲಿ ಕೂಡಿಸುವ ಎರಡು ಎಂಬ ಸಂಖ್ಯೆ ಚಿಕ್ಕದಾದರೂ, ಕುಡಿದವನಿಗೆ ದೊರೆಯುವ ಕನಿಷ್ಠ ಫಲವನ್ನು ಹೆಚ್ಚಿಸುವುದು ಅದೇ.

ಮಾಗಡಿ ತಾಲ್ಲೂಕಿನ ಕಲ್ಯ ಗ್ರಾಮದ ಜಗಲಿಯೊಂದರಲ್ಲಿ ನಾಲ್ವರು ಮಕ್ಕಳು ಈ ಆಟಕ್ಕೆ ಕುಳಿತಿರುವರೆಂದು ಕಲ್ಪಿಸಿಕೊಳ್ಳಬಹುದು. ಸೂತ್ರಧಾರಳಾದ ಬಾಲಕಿಯು ಸಾವನದುರ್ಗದಂತಹ ಬಂಡೆಯ ಕೋಟೆಯನ್ನು ವರ್ಣಿಸುತ್ತಿದ್ದಾಳೆ. ಗುಹೆಯಿಂದ ಕರಡಿಯೊಂದು ನುಗ್ಗಿದೆ. ಒಬ್ಬ ವೀರನು ಮೂರ್ಛೆಹೋಗಿದ್ದಾನೆ. ಅವನ ಹೆಸರಿನ ಮುಂದೆ ಆಗಲೇ ಎರಡು ಸೋಲುಗಳು ದಾಖಲಾಗಿವೆ. ಗೆಳತಿಯ ಬಳಿ ಉಳಿದಿರುವುದು ಒಂದೇ ಸೀಸೆ. ಅವಳ ಪ್ರಾಣಾಂಕವೂ ಐದಕ್ಕೆ ಇಳಿದಿದೆ.

“ಈಗ ನಿನ್ನ ಸರದಿ. ಏನು ಮಾಡುವೆ?” ಎಂದು ಸೂತ್ರಧಾರಳು ಕೇಳುತ್ತಾಳೆ.

ಜಗಲಿಯ ಮೇಲೆ ಸೀಸೆಯೂ ಇಲ್ಲ, ಕರಡಿಯೂ ಇಲ್ಲ. ಆದರೂ ಮಕ್ಕಳೆಲ್ಲರೂ ಉಸಿರು ಬಿಗಿಹಿಡಿದಿದ್ದಾರೆ. ರಸವನ್ನು ತಾನು ಕುಡಿದರೆ ಗೆಳೆಯನು ಸಾಯಬಹುದು. ಗೆಳೆಯನಿಗೆ ಕುಡಿಸಿದರೆ ಮುಂದಿನ ಪೆಟ್ಟಿಗೆ ತಾನೇ ಬೀಳಬಹುದು. ಅವಳು ಗೆಳೆಯನ ಬಾಯಿಗೆ ರಸವನ್ನು ಹಾಕುತ್ತಾಳೆ. ದಾಳಗಳಲ್ಲಿ ಒಂದು ಮತ್ತು ಮೂರು ಬೀಳುತ್ತವೆ. ಎರಡು ಕೂಡಿದರೆ ಆರು. ಗೆಳೆಯನು ಕಣ್ಣು ತೆರೆಯುತ್ತಾನೆ.

ಇಲ್ಲಿ ಗಮನಿಸತಕ್ಕ ಮತ್ತೊಂದು ಸಂಗತಿಯಿದೆ. ಆಟದ ಒಂದು ಸುತ್ತು ಆರು ಸೆಕೆಂಡುಗಳ ಕಾಲಕ್ಕೆ ಸಮಾನ. 2014ರ ನಿಯಮದಂತೆ ರಸವನ್ನು ಕುಡಿಯುವುದಕ್ಕಾಗಲಿ ಕುಡಿಸುವುದಕ್ಕಾಗಲಿ ಆ ಸರದಿಯ ಮುಖ್ಯ ಕಾರ್ಯವೇ ವೆಚ್ಚವಾಗುತ್ತಿತ್ತು. ಅದೇ ಸರದಿಯಲ್ಲಿ ಕತ್ತಿ ಬೀಸಲು ಅವಕಾಶವಿರಲಿಲ್ಲ. 2024ರ ಪರಿಷ್ಕರಣದಲ್ಲಿ ಇದನ್ನು ಕಿರುಕಾರ್ಯವನ್ನಾಗಿ ಮಾಡಲಾಯಿತು. ಈಗ ರಸವನ್ನು ಕುಡಿಸಿ ಕರಡಿಯನ್ನೂ ಎದುರಿಸಬಹುದು. ರಸದ ಗುಣ ಬದಲಾಗಲಿಲ್ಲ. ಆದರೆ ಅದಕ್ಕೆ ತೆರಬೇಕಾದ ಬೆಲೆ ಇಳಿಯಿತು. ಒಂದು ಸಾಲಿನ ತಿದ್ದುಪಡಿಯಿಂದ ಆಡುವವರ ಆಲೋಚನೆಯ ದಾರಿಯೇ ಬೇರೆಯಾಗುತ್ತದೆ.

ಉಳಿದ ರಸಗಳಿಗೂ ಇಂತಹ ಎಲ್ಲೆಗಳಿವೆ. ಅದೃಶ್ಯರಸದ ಗುಣ ಒಂದು ಗಂಟೆಯದು. ಆದರೆ ಕುಡಿದವನು ಯಾರ ಮೇಲಾದರೂ ಕೈಮಾಡಿದೊಡನೆ ಅವನು ಕಾಣಿಸಿಕೊಳ್ಳುತ್ತಾನೆ. ಹಾರುವ ರಸದ ಗುಣವೂ ಒಂದು ಗಂಟೆಯದೇ. ಅವಧಿ ಮುಗಿದಾಗ ಆಕಾಶದಲ್ಲಿದ್ದರೆ ಕೆಳಗೆ ಬೀಳುವುದು ನಿಶ್ಚಯ. ಒಂದು ರಸದ ಗುಣ ಮುಗಿಯುವ ಮೊದಲೇ ಇನ್ನೊಂದನ್ನು ಕುಡಿಯುವ ಆತುರಗಾರರಿಗೆ ನೂರು ಅಂಕಗಳ ಒಂದು ಪಟ್ಟಿಯಿದೆ. 1979ರ ಸೂತ್ರಧಾರರ ಗ್ರಂಥದಲ್ಲಿಯೂ 2014ರ ಗ್ರಂಥದಲ್ಲಿಯೂ ಇಂತಹ ಪಟ್ಟಿಯನ್ನು ಕಾಣಬಹುದು. 36ರಿಂದ 90ರವರೆಗೆ ಬಂದರೆ ಎರಡೂ ರಸಗಳು ಎಂದಿನಂತೆ ಕೆಲಸ ಮಾಡುತ್ತವೆ. ಒಂದು ಬಂದರೆ ಸ್ಫೋಟ. ನೂರು ಬಂದರೆ ಒಂದು ರಸದ ಗುಣ ಶಾಶ್ವತ. ಗುಣಕಾರಿ ರಸದಂತೆಯೇ ಕಾಣುವ, ಅದೇ ವಾಸನೆ, ಅದೇ ರುಚಿಯುಳ್ಳ ವಿಷವೂ ಪಟ್ಟಿಯಲ್ಲಿದೆ! ಅದನ್ನು ಎಲ್ಲಿ, ಯಾವಾಗ ಇರಿಸಬೇಕೆಂಬುದು ಸೂತ್ರಧಾರನ ವಿವೇಕಕ್ಕೆ ಬಿಟ್ಟದ್ದು.

ನಿಜವಾದ ಔಷಧದ ವಿಷಯ ಬೇರೆ. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಅಂತಹ ವೈದ್ಯಕ್ಕೆ ದೇಹವೇ ಒರೆಗಲ್ಲು. ಎಲ್ಲರೂ ಒಪ್ಪಿದರೆಂಬ ಕಾರಣದಿಂದ ವಿಷವು ಇಳಿಯುವುದಿಲ್ಲ. ಆಟದ ರಸಕ್ಕಾದರೋ ಒಪ್ಪಿಗೆಯೊಂದೇ ಆಧಾರ. ಕುಳಿತವರಲ್ಲಿ ಒಬ್ಬನು ದಾಳವನ್ನು ಮರೆಮಾಚಿ ಸುಳ್ಳು ಸಂಖ್ಯೆಯನ್ನು ಹೇಳಿದರೂ ಸಾಕು, ರಸದ ಮಹಿಮೆ ಅಷ್ಟಕ್ಕೇ ಹಾಳಾಗುತ್ತದೆ. ಗೆಳತಿಯ ತ್ಯಾಗಕ್ಕೂ ಬೆಲೆಯಿಲ್ಲದಂತಾಗುತ್ತದೆ.

ಒಪ್ಪಿದ ಮಾತಿನ ಬಲವೆಂತಹುದೆಂಬುದಕ್ಕೆ ಕಲ್ಯದಲ್ಲಿಯೇ ಒಂದು ಗಂಭೀರ ಸಾಕ್ಷ್ಯವುಂಟು. ಜೈನರಿಗೂ ಶ್ರೀವೈಷ್ಣವರಿಗೂ ಒದಗಿದ್ದ ವಿವಾದವನ್ನು 1368ರಲ್ಲಿ ವಿಜಯನಗರದ ಬುಕ್ಕರಾಯನು ಬಗೆಹರಿಸಿದನು. ಆ ಒಡಂಬಡಿಕೆಯ ಶಾಸನವು ಶ್ರವಣಬೆಳಗೊಳದಲ್ಲಿರುವಂತೆ ಕಲ್ಯದಲ್ಲಿಯೂ ಇದೆ. ಕಲ್ಲು ತಾನಾಗಿ ಯಾರನ್ನೂ ತಡೆಯಲಾರದು. ಅದರ ಮೇಲಿನ ಮಾತನ್ನು ಎರಡು ಪಕ್ಷದವರೂ ನಡೆಸಿಕೊಟ್ಟರೆ ಮಾತ್ರ ಅದಕ್ಕೆ ಬಲ. ರಾಜ್ಯದ ಒಡಂಬಡಿಕೆಗೂ ಮಕ್ಕಳ ಆಟಕ್ಕೂ ಗಾತ್ರದಲ್ಲಿ ಅಜಗಜಾಂತರವಿದೆ. ಆದರೆ ಕೊಟ್ಟ ಮಾತನ್ನು ನಡೆಸುವ ಅಭ್ಯಾಸವು ಮನುಷ್ಯನಿಗೆ ಮೊದಲು ಕೂಡಿಬರುವುದು ಆಟದ ಜಗಲಿಯ ಮೇಲೆಯೇ.